ಮುಡಿಯ ಪರಿಮಳವೂ ಪ್ರೋಷಧದ ನಿಯಮವೂ

ಕಳೆದ ವೈಶಾಖದಲ್ಲಿ ಕೈವಾರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಪುಟ್ಟದೊಂದು ಗಾಜಿನ ಶೀಸೆಯನ್ನು ತಂದಿದ್ದಳು. ಬೇಸಿಗೆಯಲ್ಲಿ ಕೂದಲಿಗೆಂದೇ ಸಿಂಪಡಿಸಿಕೊಳ್ಳುವ ಮಲ್ಲಿಗೆಯ ಸುಗಂಧವಂತೆ. ಬೆಲೆ ಕೇಳಿದಾಗ ನಾನು ಉಪಾಧ್ಯಾಯನಾಗಿ ಪಡೆದ ಮೊದಲ ಕೆಲವು ತಿಂಗಳ ಸಂಬಳವೆಲ್ಲ ನೆನಪಾಯಿತು. ಮರುದಿನ ಚತುರ್ದಶಿ, ಆಕೆಗೆ ಪ್ರೋಷಧೋಪವಾಸ. “ಹೂವನ್ನು ಮುಡಿಯುವುದಿಲ್ಲ, ಸರಿ. ಇದರಲ್ಲಿ ಹೂವೇ ಇಲ್ಲವಲ್ಲ, ಹಚ್ಚಿಕೊಂಡರೆ ದೋಷವೇನು?” ಎಂದಳು. ದೋಷವೆಂದು ಥಟ್ಟನೆ ಹೇಳಿಬಿಟ್ಟೆ. ಕಾರಣ ಹೇಳಲು ಮಾತ್ರ ತಡವರಿಸಿದೆ.

ಹಿಂಸೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಆಕೆಯ ವಾದ ದುರ್ಬಲವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೇದಗೆಯನ್ನು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂಗಳ ಸಾಲಿಗೆ ಸೇರಿಸಿ, ಫಲ ಅಲ್ಪವೂ ಜೀವಘಾತ ಬಹಳವೂ ಆದುದರಿಂದ ತ್ಯಾಜ್ಯವೆಂದಿದ್ದಾರೆ. ನಮ್ಮ ಹೆಣ್ಣುಮಕ್ಕಳ ಜಡೆಗೆ ಎಷ್ಟು ಪ್ರಿಯವಾದ ಹೂವದು! ಮಲ್ಲಿಗೆಯೂ ನಿರ್ದೋಷಿಯಲ್ಲ. ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಯುವ ಈ ಸೀಮೆಯಲ್ಲಿ ಹೂದೋಟಕ್ಕೆ ಹಾಯಿಸುವ ನೀರು, ಎರಚುವ ಕೀಟನಾಶಕ ಇವುಗಳ ಲೆಕ್ಕವನ್ನು ಯಾರು ಇಡಬೇಕು?

ಆದರೆ ಶೀಸೆಗೂ ಒಂದು ಪೂರ್ವಚರಿತ್ರೆಯುಂಟು. ಆವಿಯ ಕಾವನ್ನು ಮಲ್ಲಿಗೆಯ ಪರಿಮಳ ತಾಳದು. ಆದಕಾರಣ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಗಾಜಿನ ಹಲಗೆಗಳ ಮೇಲೆ ಹಂದಿ, ದನಗಳ ಕೊಬ್ಬನ್ನು ಸವರಿ, ಅದರ ಮೇಲೆ ಹೂಗಳನ್ನು ಹರಡಿ ಕಂಪನ್ನು ಹೀರಿಸುತ್ತಿದ್ದರು. ಈಗ ಹೆಕ್ಸೇನ್ ಎಂಬ ದ್ರಾವಕದಿಂದ ಸಾರ ತೆಗೆಯುತ್ತಾರೆ. ಒಂದು ಕಿಲೋ ಸಾರಕ್ಕೆ ನೂರಾರು ಕಿಲೋ ಹೂ ಬೇಕು. ಕಸ್ತೂರಿಮೃಗ, ಪುನುಗುಬೆಕ್ಕುಗಳ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಸಿಂಪಡಿಕೆಗಳಿಗೆ ಸಾಮಾನ್ಯವಾಗಿ ಆಧಾರದ್ರವ್ಯ ಮದ್ಯಸಾರ. ನಮ್ಮವರು ಎಳ್ಳಿನ ಪದರಗಳ ನಡುವೆ ಹೂವಿಟ್ಟು, ಆ ಎಳ್ಳನ್ನು ಅರೆದು ತಲೆಗೆಣ್ಣೆ ತೆಗೆಯುತ್ತಿದ್ದ ಕ್ರಮ ಎಷ್ಟೋ ಮೇಲು.

ಇರಲಿ. ಶೀಸೆಯಲ್ಲಿರುವುದು ಕೇವಲ ರಾಸಾಯನಿಕ ಗಂಧ, ಒಂದು ಮೊಗ್ಗೂ ಒಂದು ಪ್ರಾಣಿಯೂ ನೊಂದಿಲ್ಲ ಎಂದೇ ಒಪ್ಪೋಣ. ಆಗ ಉಪವಾಸದಂದು ಹಚ್ಚಬಹುದೇ? ಉಪವಾಸದಲ್ಲಿ ಪರಿಹರಿಸಬೇಕಾದವುಗಳನ್ನು ಹೇಳುವಾಗ ಆಚಾರ್ಯರು ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನು ಎಣಿಸಿದ್ದಾರೆ. ಪುಷ್ಪವೆಂದ ಮೇಲೂ ಗಂಧವನ್ನು ಬೇರೆಯಾಗಿ ಹೆಸರಿಸಿರುವುದನ್ನು ಗಮನಿಸಬೇಕು. ಹೂವಿನ ಜೀವವೊಂದೇ ಲಕ್ಷ್ಯವಾಗಿದ್ದರೆ ಪುಷ್ಪವೆಂಬ ಪದವೇ ಸಾಕಿತ್ತು. ಇಲ್ಲಿ ಘ್ರಾಣೇಂದ್ರಿಯದ ಹಂಬಲವೂ ಪ್ರಶ್ನೆಗೊಳಗಾಗಿದೆ. ನೆರೆಮನೆಯ ಬಳ್ಳಿಯಿಂದ ತಾನಾಗಿ ತೇಲಿಬಂದ ಕಂಪಿಗೆ ಶ್ರಾವಕಿ ಹೊಣೆಯಲ್ಲ. ಬೇಕೆಂದು ಮುಡಿಗೆ ಸಿಂಪಡಿಸಿಕೊಂಡುದಕ್ಕೆ ಹೊಣೆ.

ಉಳಿದ ದಿನಗಳ ಮಾತು ಬೇರೆ. ಭೋಗೋಪಭೋಗ ಪರಿಮಾಣದಲ್ಲಿ ಕುಸುಮಕ್ಕೂ ಅಂಗರಾಗಕ್ಕೂ ಒಂದು ದಿನ, ಪಕ್ಷ, ಮಾಸ, ಋತು ಎಂದು ಅವಧಿಯ ನಿಯಮ ಹಾಕಿಕೊಳ್ಳಲು ಅವಕಾಶವಿದೆ. ಒಂದು ಮೊಳ ಮಲ್ಲಿಗೆ ಬೆಳಗಾಗುವಷ್ಟರಲ್ಲಿ ಬಾಡಿ, ತನ್ನ ಪರಿಮಾಣವನ್ನು ತಾನೇ ಹೇಳುತ್ತದೆ. ಶೀಸೆ ಬಾಡದು, ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತು ಪರಿಗ್ರಹವಾಗಿ ಬೆಳೆಯುತ್ತದೆ. ಆದುದರಿಂದ ಅದಕ್ಕೆ ಹೆಚ್ಚು ಕಟ್ಟುನಿಟ್ಟಾದ ನಿಯಮ ಬೇಕೆಂದು ನನ್ನ ಅಭಿಪ್ರಾಯ.

ಇಷ್ಟನ್ನೂ ಆಕೆಗೆ ವಿವರಿಸಿ ಗ್ರಂಥವನ್ನು ಕೈಗಿತ್ತೆ. ಆಕೆ ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೊನೆಯ ಪದಕ್ಕೆ ಬಂದು ನಿಂತಳು. ನಸ್ಯ. ಮೂವತ್ತು ವರ್ಷ ತರಗತಿಯಲ್ಲೂ ನನ್ನನ್ನು ಅಗಲದ ನಶ್ಯದ ಡಬ್ಬಿ ಆಗಲೂ ಮೇಜಿನ ಮೇಲೆಯೇ ಇತ್ತು. ಏನೂ ಹೇಳದೆ ಶೀಸೆಯನ್ನು ಗೂಡಿನಲ್ಲಿಟ್ಟು, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಳು.