ಹಳೆಯ ಅಳತೆಯ ಶಿಕ್ಷೆ

ನೆರೆಮನೆಯವರು ನಿವೃತ್ತ ಮಲಯಾಳಂ ಮಾಷ್, ನಾನು ನಿವೃತ್ತ ಕನ್ನಡ ಮಾಷ್ಟ್ರು. ಸಂಜೆ ಜಗಲಿಯಲ್ಲಿ ಕೂತರೆ ಅವರ ಪತ್ರಿಕೆ ನನಗೆ, ನನ್ನದು ಅವರಿಗೆ. ಒಂದು ದಿನ ಮಾತು ಜೈಲಿನ ಕಡೆಗೆ ಹೊರಳಿತು. ಕಾನೂನು ಒಂದು ಅಪರಾಧದ ಶಿಕ್ಷೆಯನ್ನು ಇಳಿಸಿದರೆ, ಈಗಾಗಲೇ ಹಳೆಯ ಶಿಕ್ಷೆ ಅನುಭವಿಸುತ್ತಿರುವವನ ಅವಧಿಯನ್ನೂ ಇಳಿಸಬೇಕೇ?

“ಯಾಕೆ ಇಳಿಸಬೇಕು ಮಾಷ್ಟ್ರೇ? ತಪ್ಪು ಮಾಡುವಾಗ ಯಾವ ಕಾನೂನಿತ್ತೋ ಅದೇ ಅವನಿಗೆ” ಎಂದರು ಮಾಷ್.

ನಾನು ಮಾದಕ ದ್ರವ್ಯಗಳ ಕಾಯ್ದೆಯ ವಿಷಯ ತೆಗೆದೆ. 1985ರ ಆ ಕಾಯ್ದೆಯಲ್ಲಿ 4 ಗ್ರಾಂ ಹೆರಾಯಿನ್‌ಗೂ 4 ಕಿಲೋಗೂ ಕನಿಷ್ಠ ಶಿಕ್ಷೆ ಒಂದೇ, 10 ವರ್ಷ. ಇದು ಸರಿಯಲ್ಲವೆಂದು ಸಂಸತ್ತಿಗೇ ಕಂಡು, 2001ರ ಅಕ್ಟೋಬರ್ 2ರಿಂದ ಪ್ರಮಾಣ ನೋಡಿ ಶಿಕ್ಷೆ ಎಂದಾಯಿತು. 5 ಗ್ರಾಂವರೆಗಿನ ಹೆರಾಯಿನ್‌ಗೆ ಹೆಚ್ಚೆಂದರೆ 6 ತಿಂಗಳು. (2014ರಲ್ಲಿ ಅದನ್ನು 1 ವರ್ಷಕ್ಕೆ ಏರಿಸಿದರು.) ವಿಚಾರಣೆ ಮುಗಿಯದವರಿಗೆ ಈ ಹೊಸ ಅಳತೆ ಸಿಕ್ಕಿತು. ಶಿಕ್ಷೆಯಾಗಿ ಅಪೀಲು ಹಾಕಿ ಕಾಯುತ್ತಿದ್ದವರಿಗೆ ಸಿಗಲಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಈ ಭೇದವನ್ನು ಎತ್ತಿಹಿಡಿಯಿತು.

ಒಂದೇ ದಿನ, ಒಂದೇ ತೂಕದ ಪೊಟ್ಟಣದೊಂದಿಗೆ ಸಿಕ್ಕಿಬಿದ್ದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನ ಕೇಸು ಬೇಗ ತೀರ್ಮಾನವಾಯಿತು, 10 ವರ್ಷ. ಇನ್ನೊಬ್ಬನದು ವಾಯಿದೆಯ ಮೇಲೆ ವಾಯಿದೆ ಬಿದ್ದು ತಡವಾಯಿತು, 6 ತಿಂಗಳು. (ವಿಚಾರಣೆಗೆ ಕಾಯುತ್ತಲೇ ಅವನು ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದಿರಬಹುದು, ಅದು ಬೇರೆ ಕತೆ.) ಇಬ್ಬರ ತಪ್ಪಿನಲ್ಲಿ ವ್ಯತ್ಯಾಸವೆಲ್ಲಿ?

“ಯಾವುದಕ್ಕೂ ಒಂದು ತಾರೀಕು ಬೇಕಲ್ಲ. ನಮ್ಮ ಭೂಸುಧಾರಣೆಗೆ 1970ರ ಜನವರಿ 1 ಇರಲಿಲ್ಲವೇ?”

ಇತ್ತು. ಆದರೆ ಅದೇ ಕಾನೂನು ಹಿಂದಕ್ಕೂ ತಿರುಗಿ ನೋಡಿತ್ತು. 1964ರ ಏಪ್ರಿಲ್ 1ರಿಂದೀಚೆಗೆ ಭೂಮಿ ಕಳಕೊಂಡ ಗೇಣಿದಾರನೂ, ಕೆಲವು ಕಟ್ಟುಪಾಡುಗಳಿಗೊಳಪಟ್ಟು, ಅದನ್ನು ಮರಳಿ ಕೇಳಬಹುದಿತ್ತು. ಮಾಷ್ ಸುಮ್ಮನಾದರು.

ನನಗೆ ತೋಚುವುದಿಷ್ಟು. ಶಿಕ್ಷೆ ತೀರ್ಪಿನ ದಿನವೇ ಮುಗಿದುಹೋಗುವ ಕೆಲಸವಲ್ಲ. ದಿನಾ ಸಂಜೆ ಯಾರೋ ಬೀಗ ಹಾಕಲೇಬೇಕು. ಅತಿಯಾಯಿತೆಂದು ತಾನೇ ಒಪ್ಪಿಕೊಂಡ ಮೇಲೂ ನಾಳೆ ಸಂಜೆ ಆ ಬೀಗ ಹಾಕುವುದಕ್ಕೆ ಸರಕಾರಕ್ಕೆ ಯಾವ ನ್ಯಾಯವಿದೆ? ತಪ್ಪು ನಡೆದ ಮೇಲೆ ಶಿಕ್ಷೆ ಹೆಚ್ಚಿಸಿ ಹಳಬರ ಮೇಲೆ ಹೇರುವಂತಿಲ್ಲವೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಇಳಿಸಿದಾಗ ಏನು ಮಾಡಬೇಕೆಂದು ಅದು ಹೇಳುವುದಿಲ್ಲ.

ಹಾಗೆಂದು ಎಲ್ಲ ಬಾಗಿಲೂ ಒಟ್ಟಿಗೆ ತೆರೆಯಲಿ ಎನ್ನಲಾರೆ. ಹಳೆಯ ಶಿಕ್ಷೆ ಅನ್ಯಾಯವಾಗಿತ್ತೆಂದು ಇಳಿಸುವುದು ಬೇರೆ, ಜೈಲಿನಲ್ಲಿ ಜಾಗವಿಲ್ಲವೆಂದು ಇಳಿಸುವುದು ಬೇರೆ. ಮಗನನ್ನು ಕೊಲೆಯಲ್ಲಿ ಕಳಕೊಂಡ ತಾಯಿಯ ಎದುರು ಎರಡನೆಯ ಕಾರಣ ಹೇಳಲು ನನ್ನಿಂದಾಗದು. ಒಬ್ಬೊಬ್ಬನ ಕೇಸನ್ನೂ ನ್ಯಾಯಾಧೀಶರು ಮತ್ತೊಮ್ಮೆ ನೋಡಲಿ. ಕೆಲಸ ಹೆಚ್ಚಾಗುತ್ತದೆ ಎಂಬುದು ಒಳಗಿರುವವನಿಗೆ ಕೊಡುವ ಉತ್ತರವಲ್ಲ.

ಮಾಷ್ ಪತ್ರಿಕೆ ಮಡಚಿ ಎದ್ದರು. ಮೆಟ್ಟಿಲಿಳಿಯುತ್ತ ಕೇಳಿದರು: “ಆ 4 ಗ್ರಾಂನವನು 10 ವರ್ಷ ಪೂರ್ತಿ ಕಳೆದು ಬಂದಿದ್ದರೆ, ಅವನಿಗೇನು ಕೊಡುತ್ತೀರಿ ಮಾಷ್ಟ್ರೇ?”

ನನ್ನಲ್ಲಿ ಉತ್ತರವಿರಲಿಲ್ಲ.