ಔಷಧಿ ಎಂಬ ಮಾತು

ನಮ್ಮ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿರಲಿ, ತಲೆಬುರುಡೆಯ ಚಿತ್ರವೇ ಇರಲಿ, ನಮ್ಮ ಬಾಯಲ್ಲಿ ಅದು ಔಷಧಿಯೇ. ಗಿಡಕ್ಕೆ ಔಷಧಿ, ಸರಿ. ಹುಳುವಿಗೆ ವಿಷ ಎಂಬುದನ್ನು ಮಾತು ಜಾಣತನದಿಂದ ಮರೆಸಿಬಿಡುತ್ತದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಇಂಥ ಪದಗಳ ಮೇಲೆ ಗುಮಾನಿ ಸ್ವಲ್ಪ ಹೆಚ್ಚು.

ಊರಾಚೆ ನಮ್ಮದೊಂದು 10 ಗುಂಟೆ ಜಮೀನಿದೆ. ಬದನೆ, ಅವರೆ, ಮೆಣಸಿನಕಾಯಿ, ಒಂದಿಷ್ಟು ಸೊಪ್ಪು. ನನ್ನ ಭಾನುವಾರಗಳು ಅಲ್ಲೇ ಕಳೆಯುತ್ತವೆ. ಗೊಬ್ಬರದ ವಿಷಯದಲ್ಲಿ ಮನಸ್ಸಿಗೆ ಯಾವ ತಕರಾರೂ ಇಲ್ಲ. 50 ಲೀಟರ್ ನೀರಿಗೆ ಎರಡೂವರೆ ಕಿಲೋ ಸಗಣಿ, ಎರಡೂವರೆ ಲೀಟರ್ ಗಂಜಲ, ಅರ್ಧ ಕಿಲೋ ಬೆಲ್ಲ, ಅರ್ಧ ಕಿಲೋ ಹುರುಳಿ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ದಿನಕ್ಕೆರಡು ಸಲ ಕೋಲಿನಿಂದ ತಿರುವಿ 2 ದಿನ ನೆರಳಲ್ಲಿಟ್ಟರೆ ಜೀವಾಮೃತ ಸಿದ್ಧ. ಬೆಲ್ಲ, ಹಿಟ್ಟು ತಿಂದು ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಹೆಚ್ಚುತ್ತವೆ. “ಹಬ್ಬದ ಅಡುಗೆಗೂ ನೀನು ಇಷ್ಟು ಮುತುವರ್ಜಿ ಮಾಡಲ್ಲ ಬಿಡು” ಎಂದು ನಮ್ಮ ಅತ್ತೆ ನಗುತ್ತಾರೆ. ಇದು ಉಣ್ಣಿಸುವ ಕೆಲಸ. ಉಣ್ಣಿಸುವಾಗ ಯಾರಿಗೂ ಸಂದೇಹ ಬರುವುದಿಲ್ಲ.

ತೊಡಕು ಶುರುವಾಗುವುದು ಹುಳುವಿನಿಂದ. ಬೇವಿನ ಬೀಜದ ತಿರುಳನ್ನು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಕುಟ್ಟಿ, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಹಿಡಿಯಲೆಂದು ಒಂದಿಷ್ಟು ಸೋಪಿನ ನೀರು ಬೆರೆಸುತ್ತೇನೆ. ಬಿಸಿಲಿಗೆ ಅದರ ಸತ್ವ ಬೇಗ ಕೆಡುವುದರಿಂದ ಸಿಂಪಡಿಸುವುದು ಸಂಜೆಗೆ. ತರಗತಿಯಲ್ಲಿ ಒಮ್ಮೆ ಇದನ್ನು ಹೇಳುತ್ತಿದ್ದಾಗ 8ನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಬೇವು ಹಾಕಿದ್ರೂ ಹುಳ ಸಾಯುತ್ತಲ್ವಾ? ಮತ್ತೆ ಅದು ಒಳ್ಳೇದು ಹೇಗೆ?” ಎಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಬೇವು ಒಂದೇ ಏಟಿಗೆ ಕೊಲ್ಲುವುದಿಲ್ಲ. ಬಹಳಷ್ಟು ಹುಳುಗಳು ಆ ಎಲೆ ತಿನ್ನುವುದನ್ನೇ ಬಿಡುತ್ತವೆ. ತಿಂದವು ಪೊರೆ ಕಳಚಲಾರದೆ, ಬೆಳೆಯಲಾರದೆ ಸಾಯುತ್ತವೆ. ಹುಳುವಿನ ಕಡೆಯಿಂದ ನೋಡಿದರೆ ಇದರಲ್ಲಿ ದಯೆಯೇನೂ ಇಲ್ಲ. ‘ನೈಸರ್ಗಿಕ’ ಎಂಬ ಮಾತೂ ನಮ್ಮನ್ನು ಕಾಪಾಡದು. ಹೊಗೆಸೊಪ್ಪೂ ಗಿಡವೇ. ಅದರ ಕಷಾಯದ ನಿಕೋಟಿನ್ ಜೇನುನೊಣವನ್ನೂ ಬಿಡುವುದಿಲ್ಲ, ಚರ್ಮದ ಮೂಲಕ ಮನುಷ್ಯರ ಮೈಗೂ ಇಳಿಯುತ್ತದೆ.

ಜೈನರು ಈ ಪ್ರಶ್ನೆಯನ್ನು ನಮಗಿಂತ ಬಹಳ ಹಿಂದೆಯೇ ಎದುರಿಸಿದವರು. ಹಿಂಸೆಯಲ್ಲಿ ಅವರು 4 ಬಗೆ ಹೇಳುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ, ಅಡುಗೆ ಕಸಮುಸುರೆಯಂಥ ಮನೆಗೆಲಸದಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ರಕ್ಷಣೆಗಾಗಿ ಎದುರು ನಿಂತಾಗ ಆಗುವ ವಿರೋಧೀ. ಗೃಹಸ್ಥರು ಮೊದಲನೆಯದನ್ನು ಬಿಡಲೇಬೇಕು, ಉಳಿದವನ್ನು ಆದಷ್ಟೂ ಕಡಿಮೆ ಮಾಡಬೇಕು. ಜನರಿಗೆ ಕೃಷಿ ಕಲಿಸಿದವನು ಮೊದಲ ತೀರ್ಥಂಕರನಾದ ಆದಿನಾಥನೇ ಎಂದೂ ಅವರು ನಂಬುತ್ತಾರೆ. ಪಂಪ ‘ಆದಿಪುರಾಣ’ದಲ್ಲಿ ಹೇಳಿದ್ದು ಅವನ ಕಥೆಯನ್ನೇ. ನೇಗಿಲಿಗೆ ಸಿಕ್ಕಿ ಎರೆಹುಳು ತುಂಡಾಗುವುದು ಉದ್ಯೋಗೀ ಹಿಂಸೆ. ನನ್ನ ಸಿಂಪಡಣೆ ಯಾವುದು? ಬೆಳೆ ಕಾಯುವುದು, ಹಾಗಾಗಿ ವಿರೋಧೀ ಎಂದುಕೊಳ್ಳಬಹುದು. ಬೇಕೆಂದೇ ಕುಟ್ಟಿ ಸೋಸಿದವಳು ನೀನಲ್ಲವೇ ಎಂದು ಮನಸ್ಸು ಕೇಳುತ್ತದೆ.

ಹಾಗಾದರೆ ಅಂಗಡಿಯ ವಿಷವೂ ಮನೆಯ ಕಷಾಯವೂ ಒಂದೇ ಏನು? ಕಾಸರಗೋಡನ್ನು ನೆನೆದಾಗ ಒಂದಲ್ಲ ಎನ್ನಿಸುತ್ತದೆ. ಅಲ್ಲಿನ ಗೇರು ತೋಟಗಳ ಮೇಲೆ ಸುಮಾರು 2 ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅಷ್ಟರಲ್ಲಿ ಆ ಊರುಗಳಲ್ಲಿ ಎಷ್ಟೋ ತಾಯಂದಿರು ಎದ್ದು ನಡೆಯಲಾರದ ಮಕ್ಕಳನ್ನು ಎತ್ತಿಕೊಂಡು ವರ್ಷಗಳನ್ನು ಕಳೆದಿದ್ದರು. ಸುರಿಯಲು ತೀರ್ಮಾನಿಸಿದವರೊಬ್ಬರು, ಆ ಗಾಳಿ ಉಸಿರಾಡಿದವರೊಬ್ಬರು. ಪಾಪದ ತೂಕ ಇರುವುದು ಈ ಅಂತರದಲ್ಲಿ ಎಂದು ನನ್ನ ಭಾವನೆ. ನಾನು ಕುಟ್ಟಿದ ಬೇವಿನ ಘಾಟು ಮೊದಲು ನನ್ನ ಮೂಗಿಗೇ ಬರುತ್ತದೆ. ಆ ಬದನೆಯನ್ನು ಮೊದಲು ತಿನ್ನುವುದೂ ನನ್ನ ಮನೆಯವರೇ. ಹಾಗಾಗಿ ಕೈ ತಾನಾಗಿ ಹಿಡಿತ ಕಲಿಯುತ್ತದೆ. ಅವರೆಯ ಒಂದು ಸಾಲಿಗೆ ಏನನ್ನೂ ಹೊಡೆಯುವುದಿಲ್ಲ. ಅಲ್ಲಿ ಹೇನು ಉಳಿದರೆ ಅದನ್ನು ತಿನ್ನುವ ಗುಲಗಂಜಿ ಹುಳುವೂ ಉಳಿಯುತ್ತದೆ.

ಈ ಅಂತರ ಸಾವಯವದಲ್ಲೂ ಬರಬಹುದು. ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ಹೊಡೆಯಲು ಕೂಲಿಗೆ ಬಂದ ಹೆಂಗಸಿಗೆ ಒಂದು ದಿನ ಎದುರುಗಾಳಿ ಬೀಸಿ ಕಣ್ಣೆಲ್ಲ ಕೆಂಡವಾಯಿತು. ಬೋರಿನ ನೀರಲ್ಲಿ ಕಣ್ಣು ತೊಳೆಸುತ್ತ, “ಕನ್ನಡಕ ಇಲ್ವೇನಮ್ಮ?” ಎಂದೆ. “ಮನೇಲಿ ಮಾಡಿದ್ದು, ಏನೂ ಆಗಲ್ಲ ಅಂದ್ರು ಟೀಚರಮ್ಮ” ಎಂದಳು. ಹಾಗೆ ಹೇಳಿದವರು ತಾವು ಪಂಪು ಹೊತ್ತಿರಲಿಲ್ಲ. ನಮ್ಮಲ್ಲಿ ಕಷಾಯ ಮಾಡಿದವರೇ ಹೊಡೆಯಬೇಕೆಂಬ ನಿಯಮ ಬಂದದ್ದು ಅಂದಿನಿಂದ.

ಇದನ್ನೆಲ್ಲ ಹೇಳುವುದು ನನಗೆ ಸುಲಭ, ತಿಂಗಳ ಸಂಬಳವಿದೆ. ಸಾಲ ಮಾಡಿ ಬೆಳೆ ಇಟ್ಟ ರೈತನಿಗೆ ಒಂದು ಸಾಲನ್ನು ಹುಳುವಿಗೆ ಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಂತೆಯಲ್ಲಿ ಬದನೆಯನ್ನು ತಿರುಗಿಸಿ ತಿರುಗಿಸಿ, ಸಣ್ಣ ತೂತು ಕಂಡರೆ ಪಕ್ಕಕ್ಕೆ ಎಸೆಯುವ ನಾವೂ ಆ ಪಂಪಿಗೆ ಕೈ ಹಾಕಿದವರೇ. ತೂತಿದ್ದ ಕಾಯಿ ಹೆಚ್ಚುವಾಗ ಒಂದು ಹೋಳು ಕಸಕ್ಕೆ ಹೋಗುತ್ತದೆ, ಅಷ್ಟೇ. ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: “ಬೇವಿನಿಂದಲೂ ಸಾಯುತ್ತೆ ಕಣಮ್ಮ. ಅದಕ್ಕೇ ಅದನ್ನ ಅಳೆದು ಹಾಕ್ಬೇಕು.”