ಯುದ್ಧಕಾಲದ ಮೈತ್ರಿ ಮತ್ತು ಕೃತಜ್ಞತೆ

ಮಿತ್ರನಿಂದ ಪಡೆದ ಉಪಕಾರವನ್ನು ತೀರಿಸುವ ಬಗೆ ಯಾವುದು? ಸುಖದ ದಿನಗಳಲ್ಲಿ ಈ ಪ್ರಶ್ನೆ ನಮ್ಮನ್ನು ಕಾಡುವುದಿಲ್ಲ. ಕೊಡುವವನಿಗೇ ಕೊರತೆಯಿರುವಾಗ ಕೊಟ್ಟ ಹಿಡಿ ಧಾನ್ಯಕ್ಕೆ ಬೆಲೆ ಕಟ್ಟಹೊರಟಾಗ ಇದರ ಭಾರ ತಿಳಿಯುತ್ತದೆ.

ಎರಡನೆಯ ಮಹಾಯುದ್ಧದ ಕಾಲವನ್ನು ನೆನೆಯೋಣ. 1942ರ ಮಾರ್ಚ್ ತಿಂಗಳಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಸಮುದ್ರದಾಚೆಯ ಯುದ್ಧವು ಹೀಗೆ ಮೈಸೂರು ಸಂಸ್ಥಾನದ ಅಡಿಗೆಮನೆಗಳನ್ನು ಹೊಕ್ಕಿತು. ಅಕ್ಕಿಗೆ ಪಡಿತರ, ಸೀಮೆಎಣ್ಣೆ ಬಟ್ಟೆಗಳಿಗೆ ಕಂಟ್ರೋಲು, ಅದರ ಬೆನ್ನಿಗೇ ಕಾಳಸಂತೆ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಪೆರೇಸಂದ್ರದ ಸೀಮೆ ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆಯನ್ನೂ ಕೆರೆಯನ್ನೂ ನಂಬಿದ ನಾಡು. ಇಲ್ಲಿಯ ಜೀವಾಧಾರ ರಾಗಿ. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತದೆ. ಅಂಥ ಕಾಲದಲ್ಲಿ ಹಗೇವನ್ನು ತೆರೆದು ಕೊಡುವ ಸ್ನೇಹಿತನುಳ್ಳವನೇ ಸಿರಿವಂತ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯುಂಟು. ನಿನ್ನ ಹೊಲದ ಕಳೆಗೆ ನಾನು ಬಂದರೆ ನನ್ನ ಹೊಲದ ಕೊಯ್ಲಿಗೆ ನೀನು ಬರುತ್ತೀಯೆ, ಲೆಕ್ಕ ಸರಿಹೋಯಿತು. ಆದರೆ ಮಿತ್ರನು ತನ್ನ ಮಕ್ಕಳ ಪಾಲಿನಿಂದ ಒಂದು ಪಾವು ತೆಗೆದುಕೊಟ್ಟರೆ, ಸುಗ್ಗಿಯಲ್ಲಿ ಒಂದು ಸೇರು ಹಿಂದಿರುಗಿಸಿದರೂ ಅದು ತೀರದು. ತೀರದೆ ಉಳಿಯುವ ಆ ಶೇಷವೇ ಕೃತಜ್ಞತೆ. ಸಾಲವು ಮನಸ್ಸನ್ನು ಕುಗ್ಗಿಸುತ್ತದೆ. ಕೃತಜ್ಞತೆಯಲ್ಲಿ, ನಮ್ಮ ಹಸಿವನ್ನು ಮತ್ತೊಬ್ಬನು ತನ್ನದೆಂದು ತಿಳಿದನೆಂಬ ಸಮಾಧಾನವಿದೆ.

ಹಾಗಾದರೆ ಈ ಉಪಕಾರವು ನಮ್ಮನ್ನು ಎಲ್ಲಿಯವರೆಗೆ ಕಟ್ಟಬೇಕು? ಅಂಗರಾಜ್ಯವನ್ನಿತ್ತ ದುರ್ಯೋಧನನನ್ನು ಕರ್ಣನು ಮರೆಯಲಿಲ್ಲ. ಅದು ಗುಣವೇ ಸರಿ. ಆದರೆ ದ್ಯೂತಸಭೆಯಲ್ಲಿ ಅವನ ಅಧರ್ಮಕ್ಕೆ ದನಿಗೂಡಿಸಿದ್ದು ಕೃತಜ್ಞತೆಯೆನಿಸದು. ತಡೆಯಬೇಕಾದಲ್ಲಿ ತಡೆಯದವನು ಮಿತ್ರನಿಗೆ ಮಾಡಿದ ಪ್ರತ್ಯುಪಕಾರವಾದರೂ ಏನು? ಯುದ್ಧಕಾಲದ ಪರೀಕ್ಷೆಯೂ ಇದೇ. ಸ್ನೇಹಿತನು ತನ್ನ ಪಾಲನ್ನು ಹಂಚಿದರೆ ಸಂಕೋಚವಿಲ್ಲದೆ ಸ್ವೀಕರಿಸೋಣ. ಕಾಳಸಂತೆಯ ಮೂಟೆಯನ್ನು ಸ್ನೇಹದ ಹೆಸರಿನಲ್ಲಿ ತಂದರೆ, ಅದು ಪಡಿತರಕ್ಕಾಗಿ ಕಾದು ನಿಂತ ಇನ್ನೊಂದು ಮನೆಯ ಅನ್ನವೆಂದು ಹೇಳಿ ನಿರಾಕರಿಸುವುದೇ ನಿಜವಾದ ಮೈತ್ರಿ.

ಕುಚೇಲನು ದ್ವಾರಕೆಗೆ ಒಯ್ದ ಅವಲಕ್ಕಿಯು ಅವನ ಪತ್ನಿ ನೆರೆಯವರಲ್ಲಿ ಬೇಡಿ ತಂದದ್ದು. ಹಾಗೆ ಕೊಟ್ಟವರ ಹೆಸರನ್ನು ಭಾಗವತವು ಹೇಳುವುದಿಲ್ಲ. ಆದರೂ ಅವರ ಹಿಡಿ ಅವಲಕ್ಕಿ ಶ್ರೀಕೃಷ್ಣನ ಕೈಸೇರಿತು. ಮೈತ್ರಿಗೆ ಪರಸ್ಪರ ಪರಿಚಯವೇ ಎಲ್ಲೆಯಲ್ಲವೆಂದು ಇದರಿಂದ ತಿಳಿಯುತ್ತದೆ. ಪಾಕಿಸ್ತಾನದೊಡನೆ ಯುದ್ಧ ನಡೆದ 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ದೇಶವನ್ನು ಕೇಳಿಕೊಂಡರು. ಏಕಾದಶಿಯ ಉಪವಾಸವನ್ನು ಬಲ್ಲ ನಮಗೆ ಊಟ ಬಿಡುವುದು ಹೊಸದಲ್ಲ. ಬಿಟ್ಟ ತುತ್ತು ಮುಖ ಕಾಣದ ಒಬ್ಬರ ಎಲೆಗೆ ಸೇರಲೆಂದು ಬಿಡುವುದು ಅಂದಿನ ಪಾಠ.

ಕೊಟ್ಟ ಮಿತ್ರನು ಇಂದು ಇಲ್ಲದಿರಬಹುದು. ಅವನ ಮನೆಗೆ ಕೊರತೆಯೂ ಇಲ್ಲದಿರಬಹುದು. ಹಸಿದು ಬಾಗಿಲಿಗೆ ಬಂದವರನ್ನು ಅವನ ನೆನಪಿನಿಂದ ಆದರಿಸೋಣ. ಆ ಪಾವು ರಾಗಿಗೆ ನಾವು ಸಲ್ಲಿಸಬಹುದಾದ ಸೇವೆ ಅದು.

ಶ್ರೀಕೃಷ್ಣಾರ್ಪಣಮಸ್ತು